ರಷ್ಯಾದಲ್ಲಿ ಭಾಷಾ ವ್ಯಾಸಂಗ: ವಿದ್ಯಾರ್ಥಿಗಳ ಗಮನಕ್ಕೆ

ರೋಜಾ ಸೇರಿದಂತೆ ಕಲಬುರಗಿ ನಗರ ಹಾಗೂ ಕಮಲಾಪುರ ಭಾಗದಿಂದ ರಷ್ಯನ್ ಭಾಷೆ ಕಲಿಯಲು ರಷ್ಯಾಕ್ಕೆ ತೆರಳುವ ವಿದ್ಯಾರ್ಥಿಗಳು ತಮ್ಮ ಪ್ರಮಾಣಪತ್ರ ಹಾಗೂ ಅಂಕಪಟ್ಟಿಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಪಡೆದು, ಅವುಗಳ ರಷ್ಯನ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿಕೊಳ್ಳತಕ್ಕದ್ದು.

ಆರಂಭದಲ್ಲಿ ನೀಡಲಾಗುವ ವಿದ್ಯಾರ್ಥಿ ವೀಸಾ ಸಾಮಾನ್ಯವಾಗಿ 3 ತಿಂಗಳ ಅವಧಿಯದಾಗಿದ್ದು, ಒಂದು ಬಾರಿಯ ಪ್ರವೇಶಕ್ಕೆ ಮಾತ್ರ ಅನ್ವಯಿಸುತ್ತದೆ. ಇದನ್ನು ವಿಶ್ವವಿದ್ಯಾಲಯದ ಮುಖಾಂತರ ವಿಸ್ತರಿಸಿಕೊಳ್ಳಬೇಕು. ಅದಕ್ಕೂ ಮುನ್ನ ಬೇರೆ ದೇಶ ನೋಡಲೆಂದು ಗಡಿ ದಾಟಿದವರು ಅದೇ ವೀಸಾದಲ್ಲಿ ಮರಳಲಾಗದು. ಒಂದು ವಾರದ ಪ್ರವಾಸಕ್ಕಾಗಿ ಇಡೀ ವರ್ಷದ ವ್ಯಾಸಂಗವೇ ನಿಂತುಹೋಗಬಹುದು. ಗಡಿಯಲ್ಲಿ ನೀಡುವ ವಲಸೆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ವಿದ್ಯಾರ್ಥಿನಿಲಯ ತಲುಪಿದ ಕೂಡಲೇ ವಾಸಸ್ಥಳದ ನೋಂದಣಿಗಾಗಿ ವಿಶ್ವವಿದ್ಯಾಲಯದ ಕಚೇರಿಗೆ ಹಾಜರಾಗತಕ್ಕದ್ದು.

ರಷ್ಯಾದೊಳಗೆ ನೋಡಬೇಕಾದುದಕ್ಕೆ ಕೊರತೆಯಿಲ್ಲ. ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಡುವಿನ ರೈಲುಮಾರ್ಗದಲ್ಲಿರುವ ತ್ವೇರ್ ನಗರವಂತೂ ಈ ಭಾಗದವರಿಗೆ ತೀರ ಅಪರಿಚಿತವಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಬೀದರ್ ಹಾಗೂ ಕಲಬುರಗಿಯನ್ನು ಕಂಡು ಬರೆದಿಟ್ಟ ವರ್ತಕ ಅಫನಾಸಿ ನಿಕಿತಿನ್ ಅದೇ ಊರಿನವರು. ವೋಲ್ಗಾ ನದಿಯ ದಂಡೆಯಲ್ಲಿ 1955ರಲ್ಲಿ ಸ್ಥಾಪಿಸಿದ ಅವರ ಪ್ರತಿಮೆಯಿದೆ.

ಹೋಟೆಲುಗಳಲ್ಲಿ ತಂಗಲು ಮೂಲ ಪಾಸ್‌ಪೋರ್ಟ್ ಹಾಗೂ ವಲಸೆ ಚೀಟಿಯನ್ನು ಹಾಜರುಪಡಿಸಬೇಕಾಗುತ್ತದೆ. ಆದ್ದರಿಂದ ವೀಸಾ ವಿಸ್ತರಣೆಗಾಗಿ ಪಾಸ್‌ಪೋರ್ಟ್ ಸಲ್ಲಿಸಿದ ಅವಧಿಯಲ್ಲಿ ಪರಊರುಗಳ ಪ್ರವಾಸ ಕೈಗೊಳ್ಳಬಾರದು.