ಹಲ್ಲಿನ ಅಳತೆ ಕೊಡುವಾಗ ವಾಕರಿಕೆಯೇ?

ಹಲ್ಲು ಕಟ್ಟಿಸಿಕೊಳ್ಳಲು ಹೋಗಿ, ಅಳತೆ ಕೊಡಲಾಗದೆ ಬಾಯಿ ಒರೆಸಿಕೊಂಡು ವಾಪಸು ಬಂದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ನಾಚಿಕೊಳ್ಳಬೇಡಿ. ನಾನೂ ನಿಮ್ಮಂಥವಳೇ.

ನಮ್ಮದು ಹೊಸದುರ್ಗ. ವಸಡು ಸಡಿಲವಾಗಿ ನಲವತ್ತೈದಕ್ಕೇ ಮೇಲಿನ ಎರಡು ಮುಂದಿನ ಹಲ್ಲು, ಒಂದು ದವಡೆ ಹಲ್ಲು ಹೋದವು. ಹತ್ತಿರದ ಒಬ್ಬ ಡಾಕ್ಟರಲ್ಲಿ ಹೋದೆ. ಟ್ರೇಯಲ್ಲಿ ಮೆತ್ತನೆಯ ಹಿಟ್ಟಿನಂಥದ್ದು ತುಂಬಿ ಅಂಗುಳಕ್ಕೆ ಒತ್ತಿದರು ನೋಡಿ, ತಿಂದದ್ದೆಲ್ಲ ಅವರ ಕೋಟಿನ ಮೇಲೆ! "ಏನಮ್ಮಾ, ಚಿಕ್ಕ ಮಕ್ಕಳ ಹಾಗೆ" ಎಂದು ಗದರಿದರು. ಒಂದೂವರೆ ವರ್ಷ ಆ ಕಡೆ ತಲೆ ಹಾಕಲಿಲ್ಲ. ಆ ನಡುವೆ ಮಗಳ ಮದುವೆ ಆಯಿತು. ಆಲ್ಬಮ್ ತೆಗೆದರೆ ಎಲ್ಲ ಫೋಟೊದಲ್ಲೂ ನನ್ನ ಬಾಯಿಗೆ ಸೆರಗು ಅಡ್ಡ. "ನಮ್ಮವ್ವ ನನ್ನ ಮದುವೇಲಿ ಒಂದ್ಸಲಾನೂ ನಗಲಿಲ್ಲ" ಅಂತ ಅವಳು ಗಂಡನ ಹತ್ತಿರ ಅಂದದ್ದು ಕಿವಿಗೆ ಬಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಳಲ್ಕೆರೆಯ ನನ್ನ ತಂಗಿಯೇ ಎಳೆದುಕೊಂಡು ಚಿತ್ರದುರ್ಗಕ್ಕೆ ಹೋದಳು. ಅಲ್ಲಿನ ಲೇಡಿ ಡಾಕ್ಟರಿಗೆ ಕೂತ ಕೂಡಲೇ ಹೇಳಿಬಿಟ್ಟೆ, "ನನಗೆ ವಾಕರಿಕೆ ಜಾಸ್ತಿ, ಹೋದ ಸಲ ಹೀಗಾಯಿತು" ಅಂತ. ನೀವೂ ಮೊದಲು ಮಾಡಬೇಕಾದ್ದು ಇದನ್ನೇ. ಅವರು ನಕ್ಕು, "ಮುದ್ದೆ ನುಂಗೋ ಊರಿನವರು ನೀವು, ಇದಕ್ಕೆ ಹೆದರ್ತೀರಾ?" ಎಂದರು. ನನಗೂ ಅದೇ ಸೋಜಿಗ! ಅಷ್ಟು ದೊಡ್ಡ ತುತ್ತು ಇಳಿಯುವ ಗಂಟಲು ಇದಕ್ಕೇಕೆ ಮುನಿಯಬೇಕು?

ಅವರು ವಿವರಿಸಿದರು. ನುಂಗುವಾಗ ಹಿಡಿತ ನಮ್ಮದು. ಆದರೆ ನಾಲಿಗೆಯ ಬುಡಕ್ಕೋ ಮೆತ್ತನೆಯ ಅಂಗುಳಕ್ಕೋ ಹೊರಗಿನದೇನಾದರೂ ತಗುಲಿ ಅಲ್ಲೇ ನಿಂತರೆ, ಅದು ಉಸಿರುನಾಳಕ್ಕೆ ಹೋಗದಿರಲಿ ಅಂತ ಗಂಟಲು ತಾನಾಗಿ ಹೊರದೂಡುತ್ತದೆ. ಅದು ದೇಹದ ಕಾವಲು, ನಮ್ಮ ಹಟವಲ್ಲ. ಹೆದರಿಕೆ ಸೇರಿದರೆ ಇಮ್ಮಡಿಯಾಗುತ್ತದೆ, ಅಷ್ಟೆ. ಆ ಹಿಟ್ಟಿನ ಹೆಸರು ಆಲ್ಜಿನೇಟ್. ಕಡಲಪಾಚಿಯಿಂದ ತೆಗೆದ ಪದಾರ್ಥವಂತೆ. ರಬ್ಬರ್ ಬಟ್ಟಲಲ್ಲಿ ನೀರು ಹಾಕಿ ಗೊಟಾಯಿಸಿದರೆ ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ನೀರು ಸ್ವಲ್ಪ ಬೆಚ್ಚಗಿದ್ದರೆ ಇನ್ನೂ ಬೇಗ. ಅಂದರೆ ನಾವು ತಡೆಯಬೇಕಾದ್ದು ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತೂ ಅಲ್ಲ!

ಆ ದಿನ ಅಳತೆ ತೆಗೆಯಲಿಲ್ಲ. ಖಾಲಿ ಟ್ರೇ ಒಂದನ್ನು ಕೊಟ್ಟು, ಮನೆಯಲ್ಲಿ ದಿನಕ್ಕೆರಡು ಸಲ ಬಾಯಲ್ಲಿಟ್ಟು ಮೂಗಿನಿಂದ ಉಸಿರಾಡಲು ಹೇಳಿದರು. ಮೊದಲ ದಿನ ಐದು ಎಣಿಸುವಷ್ಟರಲ್ಲಿ ಕಿತ್ತೆ. ಹತ್ತನೇ ದಿನಕ್ಕೆ ಅನ್ನ ಬಸಿಯುವಷ್ಟು ಹೊತ್ತು ತಡೆದೆ. (ನಮ್ಮನೆಯವರು ನೋಡಿ ನಕ್ಕಿದ್ದೂ ಉಂಟು, ಬಿಡಿ.) ಟ್ರೇ ಸಿಗದಿದ್ದರೆ ಮೆತ್ತನೆ ಹಲ್ಲುಜ್ಜುವ ಬ್ರಷ್ಷನ್ನು ನಾಲಿಗೆಯ ತುದಿಯಿಂದ ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ಒಯ್ದು ಅಭ್ಯಾಸ ಮಾಡಬಹುದು. ವಾಕರಿಕೆ ಬಂದ ಕಡೆ ನಿಲ್ಲಿಸಿ, ಬಲವಂತ ಬೇಡ.

ಅಳತೆಯ ದಿನ ಎರಡು ಗಂಟೆ ಮುಂಚೆ ಹಗುರಾಗಿ ತಿಂದು ಹೋಗಿ. ಬಸ್ ಇಳಿದು ಹೋಟೆಲ್ ಊಟ ಮಾಡಿ ನೇರ ಹೋಗಬೇಡಿ, ನನ್ನ ಹಾಗೆ. ನೆಗಡಿಯಿಂದ ಮೂಗು ಕಟ್ಟಿದ್ದರೆ ಇನ್ನೊಂದು ದಿನ ಕೇಳಿ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಟ್ರೇ ಕೂರಿಸಿದ ಮೇಲೆ ಗದ್ದವನ್ನು ಎದೆಯ ಕಡೆ ಬಗ್ಗಿಸಿ. ಜೊಲ್ಲು ನುಂಗಲು ಹೋಗಬೇಡಿ, ಹೊರಗೆ ಸುರಿಯಲಿ, ಟವೆಲ್ ಇರುತ್ತದಲ್ಲ. ಮೊದಲು ಕೆಳದವಡೆ ತೆಗೆಯಲು ಕೇಳಿ, ಅದು ಸಲೀಸು. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಇಟ್ಟುಕೊಂಡರೆ ಕೆಲವರಿಗೆ ಹಿಡಿಯುತ್ತದೆ. ನನಗೆ ಹಿಡಿದದ್ದು ಬೇರೆ: ಒಂದು ಕಾಲನ್ನು ಕುರ್ಚಿಯಿಂದ ಎತ್ತಿ ಹಿಡಿಯುವುದು. ಕಾಲು ಎಲ್ಲಿ ಬಿದ್ದೀತೋ ಅನ್ನುವ ಯೋಚನೆಯಲ್ಲಿ ಗಂಟಲು ಮರೆತೇ ಹೋಯಿತು! ಇದ್ಯಾವುದಕ್ಕೂ ಬಗ್ಗದಿದ್ದರೆ ಮರಗಟ್ಟಿಸುವ ಸ್ಪ್ರೇ ಇದೆ. ಅದನ್ನು ಡಾಕ್ಟರೇ ಹಾಕಬೇಕು, ಔಷಧಿ ಆಗದಿರುವ ದೇಹವಾದರೆ ಮೊದಲೇ ಹೇಳಬೇಕು, ಮರಗಟ್ಟು ಬಿಡುವವರೆಗೆ ತಿನ್ನಬಾರದು. ಈಗ ಕೆಲವು ಕಡೆ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅಳತೆ ಹಿಡಿಯುವುದೂ ಬಂದಿದೆ. ಹಿಟ್ಟಿನ ಕಾಟವೇ ಇಲ್ಲ. ಖರ್ಚು ಜಾಸ್ತಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ಮೀರಿದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಮದುವೆಗೆ ಬಂದ ಹುಡುಗಿಯರು ಅದಕ್ಕೆ ಕ್ಯಾಪ್ ಹಾಕಿಸಿಕೊಳ್ಳಬೇಕೆಂದರೂ ಇದೇ ಅಳತೆ ಕೊಡಬೇಕು. ಅವರಿಗೂ ಈ ಕಾಲೆತ್ತುವ ಉಪಾಯ ಹೇಳಿಕೊಡಿ.

ನನ್ನ ಸೆಟ್ಟು ಬಂದ ಮೊದಲ ವಾರ ಅದೂ ವಾಕರಿಕೆ ತರಿಸಿತು. ಹಿಂದಿನ ಅಂಚು ಉದ್ದವಾಗಿತ್ತಂತೆ, ಡಾಕ್ಟರು ಐದು ನಿಮಿಷದಲ್ಲಿ ಉಜ್ಜಿಕೊಟ್ಟರು. ನೀವೇ ಮನೆಯಲ್ಲಿ ಅರ ಹಿಡಿದು ಉಜ್ಜಬೇಡಿ! ಮುಂದಿನ ಹಲ್ಲಲ್ಲಿ ಕೊಬ್ಬರಿ ಕಚ್ಚುವ ಧೈರ್ಯ ಇನ್ನೂ ಮಾಡಿಲ್ಲ. ಹೋದ ತಿಂಗಳು ಹಿರಿಯೂರಿನ ಬೀಗರ ಮನೆಯಲ್ಲಿ ಮಗಳ ಸೀಮಂತ. ಫೋಟೊದವನು "ಅಮ್ಮಾ, ಸ್ವಲ್ಪ ನಗಿ" ಅಂದ. ನಾನಾಗಲೇ ನಗುತ್ತಿದ್ದೆ.