ಚಾಪೆ ಹಾಸುವ ಮೊದಲೇ ಶುರುವಾಗೋ ಯೋಗ

ಯೋಗ ಅಂದರೆ ಬರೀ ಆಸನ ಅಂದುಕೊಂಡಿದ್ದೀರಾ? ಪತಂಜಲಿಯ ಯೋಗಸೂತ್ರಗಳು ಸುಮಾರು 195. ಆಸನದ ಬಗ್ಗೆ ನೇರವಾಗಿ ಹೇಳೋದು ಮೂರೇ ಮೂರು!

ಪತಂಜಲಿ ಹೇಳೋ ಯೋಗದ ಎಂಟು ಅಂಗಗಳಲ್ಲಿ ಮೊದಲನೆಯದು ಯಮ: ಅಹಿಂಸೆ, ಸತ್ಯ, ಕದಿಯದಿರೋದು, ಬ್ರಹ್ಮಚರ್ಯ, ಅಪರಿಗ್ರಹ. ಆಮೇಲೆ ನಿಯಮ, ಅಂದರೆ ನಮಗೆ ನಾವೇ ಹಾಕಿಕೊಳ್ಳೋ ಶಿಸ್ತು. ಆಸನ ಬರೋದು ಮೂರನೆಯದಾಗಿ.

ಯಮಗಳಲ್ಲಿ ನನಗೆ ಬಹಳ ಕಷ್ಟ ಅನ್ನಿಸೋದು ಅಪರಿಗ್ರಹ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕೂಡಿಡದಿರೋದು. ಬೀರು ತುಂಬ ಬಟ್ಟೆ ಇದ್ದರೂ ಆಫರ್ ಬಂತು ಅಂತ ಮತ್ತೆ ಕೊಳ್ಳುತ್ತೀವಲ್ಲ, ಆಗ ಕೈ ತಡೆಯೋದೂ ಯೋಗಾಭ್ಯಾಸವೇ. ಶೀರ್ಷಾಸನಕ್ಕಿಂತ ಇದು ಕಠಿಣ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಪ್ರಕಟಿಸಿದರು. ಅದರಲ್ಲೂ ಆಸನಗಳ ಜೊತೆಗೆ ಯಮ, ನಿಯಮಗಳ ವಿವರಣೆ ಇದೆ.

ಕ್ಲಾಸಿಗೆ ಖಂಡಿತ ಸೇರಿ. ಆದರೆ ಇವತ್ತೇ, ಮನೆಯಲ್ಲೇ, ಒಂದು ಯಮ ಹಿಡಿದು ಶುರು ಮಾಡಿ.