ಹೊನ್ನೆ ಲೋಟದ ನೀರಿಗೆ ಅಳತೆ ಯಾವುದು?

ರಾತ್ರಿ ಹೊನ್ನೆ ಮರದ ಲೋಟಕ್ಕೆ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಹಳದಿಗಂದು ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ನೀಲಿ ಹೊಳಪು. ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಹಳೆಯದು. ಮೈಸೂರು ಜಿಲ್ಲೆಯ ಹಾರನಹಳ್ಳಿ ಸೀಮೆಗೆ ಈ ಮರವೇನೂ ಅಪರೂಪದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೆ ತಾಗಿದ ನಾಗರಹೊಳೆ ಕಾಡಿನಲ್ಲಿ ಮತ್ತಿ, ನಂದಿ, ಬೀಟೆಗಳ ಜೊತೆ ಬೆಳೆಯುವಂಥದ್ದು. ಆಯುರ್ವೇದದವರು ಇದನ್ನು ವಿಜಯಸಾರ ಎನ್ನುತ್ತಾರೆ.

ಈ ನಂಬಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒರೆಗೂ ಹಚ್ಚಿದೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದ 97 ಜನರ ಪೈಕಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಅವರಿಗೆ ಕೊಟ್ಟದ್ದು ಲೋಟದ ನೀರಲ್ಲ, ದಿನಕ್ಕೆ 2ರಿಂದ 4 ಗ್ರಾಂನಂತೆ ತೂಗಿದ ವಿಜಯಸಾರ ಔಷಧಿ. ಲೋಟದಲ್ಲಿ ಇವತ್ತು ಎಷ್ಟು ಸಾರ ಇಳಿಯಿತು, ತಿಂಗಳ ಮೇಲೆ ಎಷ್ಟು ಉಳಿಯಿತು ಎಂದು ಕುಡಿಯುವವರಿಗೆ ತಿಳಿಯುವುದಿಲ್ಲ. ಅದನ್ನು ನೆಚ್ಚಿ ಇನ್ಸುಲಿನ್ನೋ ಮಾತ್ರೆಯೋ ನಿಲ್ಲಿಸುವುದು ಅಪಾಯ.

ಚೀನಾದವರು ತಮ್ಮ ಮೂಲಿಕೆಗಳ ವಿಷಯದಲ್ಲಿ ಇಂಥ ಅಳತೆಯ ಹಿಂದೆ ಬಿದ್ದರು. ಅಲ್ಲಿನ ವಿಜ್ಞಾನಿ ತು ಯೂಯೂ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ತೆಗೆದರು, 2015ರಲ್ಲಿ ನೊಬೆಲ್ ಬಂತು. ಭೇದಿಗೆ ಕೊಡುತ್ತಿದ್ದ ಹುವಾಂಗ್‌ಲಿಯನ್ ಬೇರಿನ ಬರ್ಬೆರಿನ್ ಅನ್ನು ಶಾಂಘೈನ ವೈದ್ಯರು ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಜೊತೆ ಹೋಲಿಸಿ, ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಅದೇ ಬರ್ಬೆರಿನ್ ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದೆ. ಆದರೆ ಚೀನಾದಲ್ಲಿ ಮಧುಮೇಹಕ್ಕೆ ಹೆಸರಾಂತ ಶಿಯಾವ್‌ಕೆ ಗುಳಿಗೆಯಲ್ಲಿ ಗಿಡಮೂಲಿಕೆಗಳ ಜೊತೆ ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಎಂಬ ಅಲೋಪತಿ ಔಷಧಿಯೂ ಸೇರಿದೆ, ಅದನ್ನು ಮುಚ್ಚಿಟ್ಟಿಲ್ಲ. ಚೀಟಿಯೇ ಇಲ್ಲದ ಪುಡಿಯಲ್ಲಿ ಇಂಥದ್ದು ಬೆರೆತಿದ್ದರೆ? ಸಕ್ಕರೆ ದಿಢೀರನೆ ಇಳಿದು ಜೀವಕ್ಕೇ ಕುತ್ತು.

ಹೊನ್ನೆಯ ಮೇಲಿನ ಇಂಥ ಸಂಶೋಧನೆ ಮೈಸೂರಿನಲ್ಲಿ ಮುಂದುವರಿಯಬೇಕೆಂಬುದು ನನ್ನ ಆಸೆ. 1908ರ ಆಯುರ್ವೇದ ಕಾಲೇಜು, 1924ರ ವೈದ್ಯಕೀಯ ಕಾಲೇಜು, 1950ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಮೂರೂ ಒಂದೇ ಊರಿನಲ್ಲಿವೆ. ಔಷಧಿಗೆ ಬೇಕಾದದ್ದು ಮರದ ತಿರುಳು. ತಿರುಳು ಬೇಕೆಂದರೆ ಮರ ಬೀಳಬೇಕು, ಹೊನ್ನೆ ಬಲಿಯಲು ದಶಕಗಳೇ ಬೇಕು. ಹಾಗಾಗಿ ಸಂಶೋಧನೆಯ ಜೊತೆಗೇ ಸಸಿ ನೆಡುವ ಕೆಲಸವೂ ಶುರುವಾಗಲಿ. ನಾಗರಹೊಳೆ ಕಾಡನ್ನು ಬಲ್ಲ ಜೇನುಕುರುಬರು, ಕಾಡುಕುರುಬರು ತಮ್ಮ ತಿಳಿವಳಿಕೆ ಹಂಚಿಕೊಂಡರೆ ಲಾಭದಲ್ಲಿ ಅವರಿಗೂ ಪಾಲು ಸಿಗಲಿ. 2002ರ ಜೈವಿಕ ವೈವಿಧ್ಯ ಕಾಯ್ದೆಯಲ್ಲಿ ಅದಕ್ಕೆ ದಾರಿಯಿದೆ.